ಮರ ಮುರಿಯುವುದು ಅಪರೂಪ, ಜಾರುವುದೇ ಹೆಚ್ಚು

ಕೊಂಕಣದ ಕರಾವಳಿ ಸುತ್ತಿ ಪುಣೆಗೆ ಮರಳಿದ ಕ್ಯಾಂಪರ್ ವ್ಯಾನಿನ (ಒಳಗೇ ಮಲಗಿ ಇರುವ ಏರ್ಪಾಡಿರುವ ಗಾಡಿಯ) ಅಡಿಭಾಗವನ್ನು ಒಮ್ಮೆ ಟಾರ್ಚ್ ಹಿಡಿದು ನೋಡಿ. ಪಾಟಾ ಸ್ಪ್ರಿಂಗಿನ ಪದರಗಳ ನಡುವೆ ಮರಳು ಕೂತಿರುತ್ತದೆ, ಸೈಲೆನ್ಸರ್ ಹಿಡಿದಿರುವ ಬೋಲ್ಟಿಗೆ ತುಕ್ಕು ಹತ್ತಿರುತ್ತದೆ, ಕೊಳೆನೀರಿನ ಟ್ಯಾಂಕಿನ ಪಟ್ಟಿಯ ಮೇಲೆ ಉಪ್ಪಿನ ಬಿಳಿ ಗೆರೆ ಎದ್ದಿರುತ್ತದೆ. ಇದನ್ನೆಲ್ಲ ತೊಳೆದು, ಒರೆಸಿ, ಗ್ರೀಸ್ ಹಾಕಬೇಕೆಂದರೆ ಮೊದಲು ಗಾಡಿ ಎತ್ತರಕ್ಕೆ ಬರಬೇಕು. ಕಾರ್ ಗ್ಯಾರೇಜಿನ ಎರಡು ಕಂಬದ ಲಿಫ್ಟ್ ಇದಕ್ಕೆ ಒಗ್ಗುವುದಿಲ್ಲ. ಗಾಡಿ ಉದ್ದ, ತೂಕ ಹೆಚ್ಚು, ಮೇಲೆ ಏಸಿ ಕೂರಿಸಿದ್ದರೆ ಶೆಡ್ಡಿನ ಪತ್ರಾಸಿಗೆ (ತಗಡಿನ ಚಾವಣಿಗೆ) ತಾಗುತ್ತದೆ. ಹಾಗಾಗಿ ಪಿಂಪ್ರಿ, ಭೋಸರಿ, ಹಡಪ್ಸರ್ ಕಡೆ ಕ್ಯಾಂಪರ್ ಇಟ್ಟುಕೊಂಡವರು ಕೊನೆಗೆ ಬಂದು ನಿಲ್ಲುವುದು ಚಕ್ರ ಹತ್ತಿಸುವ ರ‍್ಯಾಂಪಿಗೆ. ಅದನ್ನು ಮನೆಯಲ್ಲೇ ಮಾಡಬಹುದು, ಚೆನ್ನಾಗಿಯೇ ಮಾಡಬಹುದು. ಆದರೆ ಯಾವುದಕ್ಕೆ ಹೆದರಬೇಕು ಅನ್ನುವುದು ಸರಿಯಾಗಿ ಗೊತ್ತಿರಬೇಕು.

ಹೆಚ್ಚಿನವರು ಹೆದರುವುದು ಮರ ಮುರಿದೀತು ಎಂದು. ಲೆಕ್ಕ ಹಾಕಿ ನೋಡಿದರೆ ಆ ಹೆದರಿಕೆ ತಪ್ಪು ಜಾಗದಲ್ಲಿದೆ. ಟೈರಿನೊಳಗಿನ ಗಾಳಿಯ ಒತ್ತಡ ಎಷ್ಟಿದೆಯೋ, ಟೈರ್ ನೆಲದ ಮೇಲೆ ಹಾಕುವ ಒತ್ತಡವೂ ಹೆಚ್ಚುಕಡಿಮೆ ಅಷ್ಟೇ. 65 ಪಿಎಸ್‌ಐ ಅಂದರೆ ಚದರ ಸೆಂಟಿಮೀಟರಿಗೆ ಸುಮಾರು 4.5 ಕೆ.ಜಿ. ಸಾಧಾರಣ ಪೈನ್ ಹಲಗೆಯೂ ಚಪ್ಪಟೆಯಾಗಿ ನೆಲಕ್ಕೆ ಕೂತಿದ್ದರೆ ಇದರ ಹಲವು ಪಟ್ಟು ತಡೆಯುತ್ತದೆ. ಪದರ ಪದರವಾಗಿ, ಟೊಳ್ಳಿಲ್ಲದಂತೆ ಮರ ಪೇರಿಸಿದ ರ‍್ಯಾಂಪು ತೂಕಕ್ಕೆ ನಜ್ಜುಗುಜ್ಜಾಗುವುದಿಲ್ಲ. ಅದು ನೆಲದ ಮೇಲೆ ಜಾರುತ್ತದೆ, ಒಂದು ಬದಿಗೆ ವಾಲುತ್ತದೆ, ಮೊಳೆ ಹೊಡೆದ ಸಾಲಿನಲ್ಲೇ ಸೀಳುತ್ತದೆ. ಇಲ್ಲವೇ ಗಾಡಿ ಅದರ ಮೇಲಿಂದ ಉರುಳಿ ಇಳಿಯುತ್ತದೆ. ಅಪಾಯ ಇರುವುದು ಅಲುಗಾಟದಲ್ಲಿ. ಮುಂದೆ ಹೇಳುವ ಪ್ರತಿಯೊಂದು ಅಳತೆಯೂ ಆ ಅಲುಗಾಟವನ್ನು ತಡೆಯುವುದಕ್ಕೇ ಇದೆ.

ಶುರು ಮಾಡುವ ಮೊದಲು ತೂಕ. ಆರ್‌ಸಿ ಪುಸ್ತಕದಲ್ಲಿ ಬರೆದಿರುವ ಖಾಲಿ ತೂಕವನ್ನು ನಂಬಬೇಡಿ. ಮಂಚ, ಪೀಠೋಪಕರಣ, ಬ್ಯಾಟರಿ, ನೀರು ಎಲ್ಲ ಆಮೇಲೆ ಸೇರಿದ್ದು. 150 ಆಂಪಿಯರ್-ಅವರ್‌ನ ಟ್ಯೂಬುಲರ್ ಬ್ಯಾಟರಿ ಒಂದೇ 50 ಕೆ.ಜಿ. ಮೇಲಿರುತ್ತದೆ, 100 ಲೀಟರ್ ನೀರು ಅಂದರೆ 100 ಕೆ.ಜಿ. ಹೆದ್ದಾರಿಯ ಬದಿಯ ವಜನ್ ಕಾಟಾಕ್ಕೆ ಗಾಡಿ ಒಯ್ದು ಮೊದಲು ಮುಂದಿನ ಚಕ್ರಗಳನ್ನಷ್ಟೇ ಹತ್ತಿಸಿ ತೂಗಿಸಿ, ಆಮೇಲೆ ಪೂರ್ತಿ ಗಾಡಿ. ಉದಾಹರಣೆಗೆ ಒಟ್ಟು 3,600 ಕೆ.ಜಿ., ಮುಂದೆ 1,500 ಬಂತು ಅಂದುಕೊಳ್ಳಿ. ಮುಂದಿನ ಒಂದೊಂದು ಚಕ್ರಕ್ಕೆ 750, ಹಿಂದೆ ಒಂದೊಂದು ಬದಿಗೆ 1,050. ರ‍್ಯಾಂಪನ್ನು ಭಾರವಾದ ಬದಿಯ ಎರಡರಷ್ಟಕ್ಕೆ ಎಣಿಸಿ ಕಟ್ಟಬೇಕು. ಕೆಲಸದ ದಿನ ನೀರಿನ ಟ್ಯಾಂಕ್ ಖಾಲಿ ಇರಲಿ. ತೂಕ ಕಡಿಮೆಯಾಗುವುದು ಒಂದು ಲಾಭ, ಅರ್ಧ ತುಂಬಿದ ಟ್ಯಾಂಕಿನಲ್ಲಿ ನೀರು ತುಳುಕಿ ಗಾಡಿ ಅಲುಗುವುದು ತಪ್ಪುವುದು ಇನ್ನೊಂದು.

ಎತ್ತರ ಎಷ್ಟು? 8 ಇಂಚು ಸಾಕು. ಕ್ಯಾಂಪರಿನ ನೆಲ ಮೊದಲೇ ಎತ್ತರ ಇರುವುದರಿಂದ ಬೆನ್ನ ಮೇಲೆ ಮಲಗಿ ಪಾನಾ ತಿರುಗಿಸಲು ಅಷ್ಟು ಜಾಗದಲ್ಲಿ ಕೈ ಆಡುತ್ತದೆ. ಹನ್ನೆರಡು ಇಂಚಿನ ಆಸೆ ಬೇಡ. ಎತ್ತರ ಹೆಚ್ಚಿದಷ್ಟೂ ರ‍್ಯಾಂಪು ಉದ್ದವಾಗಬೇಕು, ಭಾರವಾಗುತ್ತದೆ, ಗಾಡಿಯ ಹಿಂಭಾಗವೂ ನೆಲಕ್ಕೆ ಇಳಿಯುತ್ತದೆ. ಈ ಕೊನೆಯದನ್ನು ತುಂಬ ಜನ ಮರೆಯುತ್ತಾರೆ. ಫೋರ್ಸ್ ಟ್ರಾವೆಲರ್ 3350 ವ್ಯಾನ್ ಅಂದರೆ ಮುಂದಿನ, ಹಿಂದಿನ ಚಕ್ರಗಳ ನಡುವೆ 3,350 ಮಿ.ಮೀ. ಹಿಂದಿನ ಚಕ್ರದಾಚೆ ಬಾಡಿ 1,900 ಮಿ.ಮೀ. ಚಾಚಿದೆ ಎಂದುಕೊಂಡರೆ, ಮುಂದೆ 200 ಮಿ.ಮೀ. ಎತ್ತಿದಾಗ ಹಿಂದಿನ ತುದಿ 113 ಮಿ.ಮೀ. ಕೆಳಗೆ ಬರುತ್ತದೆ, ಅಂದರೆ ನಾಲ್ಕೂವರೆ ಇಂಚು. ಕೊಳೆನೀರಿನ ಟ್ಯಾಂಕಿನ ಕೊಳಾಯಿ, ಸೈಲೆನ್ಸರ್ ತುದಿ, ಮಡಚುವ ಮೆಟ್ಟಿಲು ಇವಕ್ಕೆಲ್ಲ ಅಷ್ಟು ಅಂತರ ಇದೆಯೇ ಎಂದು ಮೊದಲೇ ಅಳೆದುಕೊಳ್ಳಬೇಕು. ಮುಂದಿನ ಬಂಪರ್ ರ‍್ಯಾಂಪಿಗೆ ತಾಗದೆ ದಾಟುತ್ತದೆಯೇ ಎಂಬುದನ್ನೂ.

ಇನ್ನು ಮರ. ಪುಣೆಯಲ್ಲಿ ಇದಕ್ಕೆ ಭವಾನಿ ಪೇಠದ ಟಿಂಬರ್ ಮಾರ್ಕೆಟ್ ಇದೆ. ವ್ಯಾಪಾರ ಮರಾಠಿ, ಹಿಂದಿಯಲ್ಲಿ ನಡೆಯುತ್ತದೆ. ಹಲಗೆಗೆ ಅಲ್ಲಿ ಫಳಿ, ಬೆಣೆಗೆ ಪಾಚರ್. ಅಳತೆ ಇಂಚು-ಅಡಿಯಲ್ಲಿ, ಬೆಲೆ ಘನ ಅಡಿಗೆ. 10 ಇಂಚು ಅಗಲ, 2 ಇಂಚು ದಪ್ಪದ ಹಲಗೆ ಕೇಳಿ. ರಂದಾ ಹೊಡೆಸಿದರೆ (ಕೀಸುಳಿಯಿಂದ ನುಣುಪು ಮಾಡಿಸಿದರೆ) 2 ಇಂಚು ಅನ್ನುವುದು 45 ಮಿ.ಮೀ.ಗೆ ಇಳಿಯುತ್ತದೆ, ನಾಲ್ಕು ಪದರಕ್ಕೆ ಹತ್ತಿರ ಹತ್ತಿರ ಒಂದು ಇಂಚು ನಷ್ಟ. ಆದ್ದರಿಂದ ಗರಗಸದಿಂದ ಬಂದ ಒರಟು ಹಲಗೆಯನ್ನೇ ತಂದು ಸಿಬಿರು ಹೋಗುವಷ್ಟು ಮಾತ್ರ ಉಜ್ಜಿಕೊಳ್ಳಿ. ಒರಟು ಮೈ ಟೈರಿಗೂ ಹಿಡಿತ ಕೊಡುತ್ತದೆ.

ಸಾಲ್ ಮರ ಗಟ್ಟಿ, ಆದರೆ ಅದರಲ್ಲಿ ಮಾಡಿದ ಒಂದು ರ‍್ಯಾಂಪು 50 ಕೆ.ಜಿ. ತೂಗುತ್ತದೆ. ಪೈನ್ ಆದರೆ 30. ಒಬ್ಬರೇ ಎತ್ತಿ ಇಡಬೇಕಾದ ವಸ್ತು ಇದು. ಭಾರ ಹೊರಲು ಪೈನ್ ಸಾಕಾಗುವಾಗ ಸಾಲ್‌ಗೆ ದುಡ್ಡು ಸುರಿಯುವುದರಲ್ಲಿ ಅರ್ಥವಿಲ್ಲ. ಚಾಕಣ್, ಭೋಸರಿಯ ಕಾರ್ಖಾನೆಗಳಿಗೆ ಯಂತ್ರ ಬರುವ ಪೆಟ್ಟಿಗೆಗಳ ಪ್ಯಾಕಿಂಗ್ ಪೈನ್ ಅಗ್ಗಕ್ಕೆ ಸಿಗುತ್ತದೆ. ಅದನ್ನೂ ಬಳಸಬಹುದು, ಆರಿಸಿಕೊಂಡು. ಗಂಟು ಹಲಗೆಯ ಅಂಚಿಗೆ ಬಂದಿದ್ದರೆ ಬಿಟ್ಟುಬಿಡಿ. ಮೇಲಿನ ಮುದ್ರೆಯಲ್ಲಿ ‘ಎಚ್‌ಟಿ’ ಎಂದಿದ್ದರೆ ಬಿಸಿ ಮಾಡಿ ಹುಳ ಕೊಂದದ್ದು, ‘ಎಂಬಿ’ ಎಂದಿದ್ದರೆ ಮೀಥೈಲ್ ಬ್ರೋಮೈಡ್ ಹೊಗೆ ಹಾಕಿದ್ದು. ಎರಡನೆಯದನ್ನು ಕೊಯ್ದು ಅದರ ಪುಡಿ ಉಸಿರಾಡುವ ಗೊಡವೆ ಬೇಡ. ಹಳೇ ವಾಡೆ (ಹಿಂದಿನ ಕಾಲದ ದೊಡ್ಡ ಮನೆ) ಕೆಡವಿದಾಗ ಬರುವ ಸಾಗುವಾನಿ ತೊಲೆ ಸಿಕ್ಕರೆ ಅದೃಷ್ಟ, ಆದರೆ ಒಳಗೆ ಮುಳುಗಿರುವ ಹಳೇ ಮೊಳೆಗಳನ್ನು ಆಯಸ್ಕಾಂತ ಆಡಿಸಿ ಹುಡುಕಬೇಕು.

ಪ್ಲೈವುಡ್ ಪೇರಿಸಿ ಮಾಡುವವರೂ ಇದ್ದಾರೆ. ಮಾಡುವುದಾದರೆ ಐಎಸ್ 710 ಎಂಬ ಭಾರತೀಯ ಮಾನಕದ ಗುರುತಿರುವ ಮರೀನ್ ಪ್ಲೈ ಮಾತ್ರ. ಮನೆಯೊಳಗಿನ ಬಳಕೆಯ ಸಾಧಾರಣ ಎಂಆರ್ ಪ್ಲೈ ಒಂದು ಮಳೆಗಾಲಕ್ಕೆ ಉಬ್ಬಿ ಪದರ ಬಿಡುತ್ತದೆ.

ಬಳಸಲೇಬಾರದ್ದು ಇಟ್ಟಿಗೆ, ಟೊಳ್ಳು ಕಾಂಕ್ರೀಟ್ ಬ್ಲಾಕು, ಸೈಪೊರೆಕ್ಸ್ ಬ್ಲಾಕು (ಗಾಳಿಗುಳ್ಳೆ ತುಂಬಿದ ಹಗುರ ಕಾಂಕ್ರೀಟ್), ಗೋವಾದ ಕಡೆ ಕೈಗೆ ಸುಲಭವಾಗಿ ಸಿಗುವ ಚಿರೇಕಲ್ಲು (ಜಂಬಿಟ್ಟಿಗೆ). ಗೋಡೆಯಲ್ಲಿ ಗಾರೆ ಹಿಡಿದು ಸಮನಾಗಿ ಭಾರ ಬಿದ್ದಾಗ ಇವು ನಿಲ್ಲುತ್ತವೆ. ಟೈರ್ ಅಂಚಿಗೆ ಒತ್ತಿದಾಗ, ಕೆಳಗೆ ಒಂದು ಸಣ್ಣ ಜಲ್ಲಿ ಸಿಕ್ಕಿಕೊಂಡಾಗ, ಮುನ್ಸೂಚನೆಯೇ ಇಲ್ಲದೆ ಒಡೆಯುತ್ತವೆ. ಮರ ಹಾಗಲ್ಲ. ಅದು ಮೊದಲು ಕಿರುಗುಟ್ಟುತ್ತದೆ, ಸೀಳು ಕಣ್ಣಿಗೆ ಕಾಣುತ್ತದೆ, ನಿಮಗೆ ಹೊರಗೆ ಬರಲು ಸಮಯ ಕೊಡುತ್ತದೆ. ಕಬ್ಬಿಣದ ಆಂಗಲ್, ಚೆಕ್ಕರ್ ಪ್ಲೇಟಿನಲ್ಲಿ ವೆಲ್ಡ್ ಮಾಡಿಸಿದ ರ‍್ಯಾಂಪು ಹಗುರ, ನಿಜ. ಆದರೆ ಕಾಲುಗಳ ನಡುವೆ ಕರ್ಣದ ಪಟ್ಟಿ ಇಲ್ಲದಿದ್ದರೆ ಕಾಲು ಮಡಚಿಕೊಳ್ಳುತ್ತದೆ. ವೆಲ್ಡ್ ಒಳಗೆ ಎಷ್ಟು ಬೆಸೆದಿದೆ ಎಂಬುದು ಹೊರಗಿನಿಂದ ಕಾಣುವುದಿಲ್ಲ. ವೆಲ್ಡಿಂಗನ್ನೇ ಕಸುಬಾಗಿ ಮಾಡುವವರಲ್ಲದಿದ್ದರೆ ಮರವೇ ಒಳ್ಳೆಯದು ಎಂಬುದು ನನ್ನ ಖಚಿತ ಅಭಿಪ್ರಾಯ.

ಈಗ ಅಳತೆ. ಒಂದು ರ‍್ಯಾಂಪಿಗೆ ನಾಲ್ಕು ಪದರ. ಮೇಲಿನದು 27 ಇಂಚು, ಅದರ ಕೆಳಗೆ 36, ಅದರ ಕೆಳಗೆ 45, ನೆಲಕ್ಕೆ ತಾಗುವುದು 63. ಎಲ್ಲವನ್ನೂ ಹಿಂದಿನ ತುದಿಯಲ್ಲಿ ಸರಿಸಮ ಹೊಂದಿಸಿದರೆ ಹತ್ತುವ ಬದಿಗೆ ಮೆಟ್ಟಿಲು ಏಳುತ್ತದೆ. ನೆಲದ ಪದರದ ಮುಂದಿನ 9 ಇಂಚನ್ನು ಇಳಿಜಾರಾಗಿ ಕೆತ್ತಬೇಕು, ಉಳಿದ ಮೂರು ಮೆಟ್ಟಿಲುಗಳಿಗೆ 9 ಇಂಚು ಉದ್ದ, 2 ಇಂಚು ಎತ್ತರದ ಬೆಣೆ ಕೂರಿಸಬೇಕು. 9 ಇಂಚಿನ ಹಲಗೆ ತುಂಡನ್ನು ದಪ್ಪದ ಕಡೆಯಿಂದ ಮೂಲೆಯಿಂದ ಮೂಲೆಗೆ ಸೀಳಿದರೆ ಎರಡು ಬೆಣೆ ಸಿಗುತ್ತವೆ. ತುದಿಯನ್ನು ಬ್ಲೇಡಿನಂತೆ ಚೂಪು ಮಾಡಬೇಡಿ, ಕಾಲು ಇಂಚು ಮೊಂಡು ಬಿಡಿ, ಇಲ್ಲದಿದ್ದರೆ ಮೊದಲ ದಿನವೇ ಸಿಬಿರೆದ್ದು ಹೋಗುತ್ತದೆ. ಹೀಗೆ ಮಾಡಿದರೆ 36 ಇಂಚು ದೂರದಲ್ಲಿ 8 ಇಂಚು ಏರುವ, ಸುಮಾರು ಹನ್ನೆರಡೂವರೆ ಡಿಗ್ರಿಯ ಒಂದೇ ಸಮನಾದ ಇಳಿಜಾರು. ಎರಡು ರ‍್ಯಾಂಪಿಗೆ 10 ಇಂಚು ಹಲಗೆ 31 ಅಡಿ ಬೇಕು. ಕೊಯ್ತದ ನಷ್ಟ, ಮೇಲ್ಭಾಗದ ಕೊನೆಗೆ ಬರುವ ತಡೆಗಟ್ಟೆ ಸೇರಿಸಿ 5 ಘನ ಅಡಿ ತನ್ನಿ.

ಬೆಣೆಯ ಶ್ರಮ ಉಳಿಸಲು ಮೆಟ್ಟಿಲಿನ ಅಂಚನ್ನು 45 ಡಿಗ್ರಿಗೆ ಕತ್ತರಿಸಿ ಬಿಡುವ ರೂಢಿ ಎಲ್ಲ ಕಡೆ ಇದೆ. ಅದರಿಂದ ಟೈರಿನ ರಬ್ಬರ್ ಉಳಿಯುತ್ತದೆ, ಹತ್ತುವುದು ಸುಲಭವಾಗುವುದಿಲ್ಲ. 73 ಸೆಂ.ಮೀ. ವ್ಯಾಸದ ಚಕ್ರ 2 ಇಂಚಿನ ಮೆಟ್ಟಿಲಿಗೆ ತಾಗಿದಾಗ ಮೊದಲು ಮುಟ್ಟುವುದು ಮೇಲಿನ ಮೂಲೆಯನ್ನೇ. 45 ಡಿಗ್ರಿಯ ಕಡಿತ ಆ ಮೂಲೆಯನ್ನು ಎರಡು ಇಂಚು ಹಿಂದಕ್ಕೆ ತಳ್ಳುತ್ತದೆ ಅಷ್ಟೇ. ಆ ಮೂಲೆ ಏರಲು ಚಕ್ರ ತನ್ನ ಮೇಲಿನ ಭಾರದ ಅರ್ಧಕ್ಕಿಂತ ಹೆಚ್ಚು ಬಲದಿಂದ ರ‍್ಯಾಂಪನ್ನು ಅಡ್ಡಕ್ಕೆ ತಳ್ಳಬೇಕಾಗುತ್ತದೆ. 750 ಕೆ.ಜಿ. ಭಾರದ ಚಕ್ರಕ್ಕೆ ಅದು 430 ಕೆ.ಜಿ. ದಾಟುತ್ತದೆ. ಟೈರ್ ಸ್ವಲ್ಪ ಒತ್ತಿಕೊಳ್ಳುವುದರಿಂದ ನಿಜದಲ್ಲಿ ಕೊಂಚ ಕಡಿಮೆ, ಆದರೂ ದೊಡ್ಡದೇ. ಬೆಣೆ ತುಂಬಿದ ಇಳಿಜಾರಿನಲ್ಲಿ ಅದೇ ತಳ್ಳು 170 ಕೆ.ಜಿ.ಯ ಆಸುಪಾಸಿಗೆ ಇಳಿಯುತ್ತದೆ. ರ‍್ಯಾಂಪು ಜಾರುವುದೂ ಬಿಡುವುದೂ ಇಲ್ಲೇ, ಮೊದಲ ಎರಡು ಇಂಚಿನಲ್ಲೇ ತೀರ್ಮಾನವಾಗುತ್ತದೆ. ಆ ಕ್ಷಣದಲ್ಲಿ ರ‍್ಯಾಂಪಿನ ಮೇಲೆ ಗಾಡಿಯ ಭಾರ ಇನ್ನೂ ಬಿದ್ದಿರುವುದಿಲ್ಲ, ತಳ್ಳು ಮಾತ್ರ ಬಿದ್ದಿರುತ್ತದೆ.

ಅದಕ್ಕೇ ರಬ್ಬರ್ ನಾಲಿಗೆ. ಕನ್ವೇಯರ್ ಬೆಲ್ಟಿನ ಹಳೇ ತುಂಡು, 10 ಇಂಚು ಅಗಲ, ಏಳೂಕಾಲು ಅಡಿ ಉದ್ದ. ಭಂಗಾರ್ ಅಂಗಡಿಯಲ್ಲಿ ಸಿಗುತ್ತದೆ (ಹೊಸದಾಗಿ ಬಂದವರಿಗೆ ಒಂದು ಮಾತು: ಇಲ್ಲಿ ಭಂಗಾರ್ ಅಂದರೆ ಗುಜರಿ). ರ‍್ಯಾಂಪಿನ ಇಡೀ ಅಡಿಗೆ ಅದನ್ನು ಹಾಸಿ, ಹತ್ತುವ ಬದಿಗೆ 2 ಅಡಿ ಹೊರಗೆ ಚಾಚಿ ಬಿಟ್ಟು, ಅಗಲ ವಾಷರ್ ಹಾಕಿದ 40 ಮಿ.ಮೀ. ಸ್ಕ್ರೂಗಳಿಂದ ಬಿಗಿಯಬೇಕು. ಸ್ಕ್ರೂ ತಲೆ ರಬ್ಬರಿನೊಳಗೆ ಹುದುಗಿರಲಿ. ಚಕ್ರ ಮೊದಲು ಈ ನಾಲಿಗೆಯ ಮೇಲೆ ಹತ್ತಿ ಅದನ್ನು ನೆಲಕ್ಕೆ ಒತ್ತಿ ಹಿಡಿಯುತ್ತದೆ, ಆಮೇಲೆ ಇಳಿಜಾರನ್ನು ಮುಟ್ಟುತ್ತದೆ. ಗಾಡಿಯ ತೂಕವೇ ರ‍್ಯಾಂಪಿಗೆ ಗೂಟವಾಗುತ್ತದೆ.

ಯಾವ ಚಕ್ರಕ್ಕೆ ಎಂಜಿನ್ನಿನ ಶಕ್ತಿ ಹೋಗುತ್ತದೆ ಎಂಬುದನ್ನೂ ನೋಡಬೇಕು. ಟ್ರಾವೆಲರಿನಲ್ಲಿ ಹಿಂದಿನ ಚಕ್ರ ಎಳೆಯುತ್ತದೆ. ಮುಂದಿನ ಚಕ್ರ ಬರೀ ಉರುಳುವುದರಿಂದ ಮುಂಭಾಗ ಹತ್ತಿಸುವಾಗ ರ‍್ಯಾಂಪು ಮುಂದಕ್ಕೆ ಜರುಗಲು ನೋಡುತ್ತದೆ. ಟಾಟಾ ವಿಂಗರಿನಲ್ಲಿ ಮುಂದಿನ ಚಕ್ರವೇ ಎಳೆಯುತ್ತದೆ. ಅದು ಹತ್ತುವಾಗ ರ‍್ಯಾಂಪನ್ನು ಹಿಂದಕ್ಕೆ, ಗಾಡಿಯ ಹೊಟ್ಟೆಯ ಕಡೆಗೆ ಒದೆಯುತ್ತದೆ. ಆಕ್ಸಿಲರೇಟರ್ ಜೋರಾಗಿ ಒತ್ತಿದರೆ ಹಲಗೆ ಹಾರಿ ಬಂದು ಪೈಪಿಗೆ ಬಡಿಯುವುದು ಇಂಥ ಗಾಡಿಗಳಲ್ಲಿ.

ಪದರಗಳನ್ನು ಸೇರಿಸುವಾಗ ಮೊಳೆ ಬೇಡ. ಅಡ್ಡ ತಳ್ಳಿಗೆ ಮೊಳೆ ದಿನೇದಿನೇ ಸಡಿಲವಾಗುತ್ತದೆ, ಒಂದೇ ಸಾಲಿನಲ್ಲಿ ಹೊಡೆದರೆ ಅದೇ ಸಾಲಿನಲ್ಲಿ ಮರ ಸೀಳುತ್ತದೆ. ಪ್ರತಿ ಪದರದ ನಡುವೆ ನೀರಿಗೆ ಜಗ್ಗದ ಅಂಟು ಹಚ್ಚಿ, 75 ಮಿ.ಮೀ. ಸ್ಕ್ರೂಗಳನ್ನು ಹಾವಿನ ನಡೆಯಂತೆ ಅಂಕುಡೊಂಕಾಗಿ ಹಾಕಿ. ಮೊದಲು ಸಣ್ಣ ತೂತು ಕೊರೆದೇ ಹಾಕಬೇಕು, ಸಾಲ್ ಮರದಲ್ಲಂತೂ ಕಡ್ಡಾಯ. ಆಮೇಲೆ ಸಮತಟ್ಟಾದ ಮೇಲ್ಭಾಗದಲ್ಲಿ ನಾಲ್ಕೂ ಪದರ ತೂರುವಂತೆ 10 ಎಂಎಂ ಥ್ರೆಡ್ ರಾಡ್ (ಉದ್ದಕ್ಕೂ ತಿರುಪಿನ ಗೆರೆ ಇರುವ ಸರಳು) ನಾಲ್ಕು. ನಟ್ಟು, ವಾಷರ್ ಎರಡೂ ಮರದೊಳಗೆ ಕುಳಿತು ಮೇಲಿನ ಮೈಗಿಂತ ಕೆಳಗಿರಬೇಕು. 10 ಇಂಚು ಅಗಲ ಒಂದೇ ಹಲಗೆಯಲ್ಲಿ ಸಿಗದಿದ್ದರೆ ಒಂದು ಪದರಕ್ಕೆ 5 ಮತ್ತು 5, ಅದರ ಮೇಲಿನದಕ್ಕೆ 6 ಮತ್ತು 4. ಗೋಡೆ ಕಟ್ಟುವಾಗ ಹೇಗೋ ಹಾಗೆ, ಸಂದಿನ ಮೇಲೆ ಸಂದು ಬರಕೂಡದು.

ಹಿಂದೆ ಜೋಡಿ ಟೈರ್ ಇರುವ ಗಾಡಿಗೆ ಈ ಅಗಲ ಸಾಲದು. ಎರಡು ಟೈರಿನ ಹೊರಗಿನಿಂದ ಹೊರಗಿನ ಅಳತೆ ತೆಗೆದು, ಅದಕ್ಕೆ 2 ಇಂಚು ಸೇರಿಸಿ ಮಾಡಿಕೊಳ್ಳಿ. ಜೋಡಿಯಲ್ಲಿ ಒಂದನ್ನಷ್ಟೇ ಹತ್ತಿಸಿದರೆ ಇಬ್ಬರು ಹೊರುವ ಭಾರವನ್ನು ಒಬ್ಬನ ತಲೆ ಮೇಲೆ ಹಾಕಿದಂತೆ.

ಮೇಲ್ಭಾಗದ ಕೊನೆಗೆ 4 ಇಂಚು ಅಗಲ, 3 ಇಂಚು ಎತ್ತರದ ತಡೆಗಟ್ಟೆ, ಅದಕ್ಕೂ ಎರಡು ರಾಡ್ ತಳದವರೆಗೆ. ಉಳಿಯುವ 23 ಇಂಚಿನಲ್ಲಿ ಚಕ್ರ ಆರಾಮಾಗಿ ಕೂರುತ್ತದೆ. ಈ ಗಟ್ಟೆ ಚಾಲಕನಿಗೆ ತಿಳಿವಳಿಕೆ ಕೊಡಲು ಮಾತ್ರ. ಚಕ್ರ ಅದಕ್ಕೆ ತಾಗಿ ಒರಗಿ ನಿಲ್ಲಬಾರದು, ತಾಗಿದೊಡನೆ ಎರಡು ಬೆರಳಷ್ಟು ಹಿಂದೆ ಬರಬೇಕು.

ಮೇಲ್ಭಾಗ ಸಮತಟ್ಟು ಇರಲೇಬೇಕು ಎನ್ನುವುದಕ್ಕೆ ಕಾರಣವಿದೆ. ಮೂತಿ ಎತ್ತಿ ನಿಂತ ಗಾಡಿ ಹಿಂದಕ್ಕೆ ಉರುಳೀತು ಎಂದು ಅನ್ನಿಸುತ್ತದೆ. ನಾಲ್ಕೂ ಚಕ್ರಗಳ ಕೆಳಗಿನ ಜಾಗ ಮಟ್ಟವಾಗಿದ್ದರೆ ಗಾಡಿ ಎಷ್ಟು ವಾಲಿದ್ದರೂ ಉರುಳುವ ಸೆಳೆತವೇ ಇರುವುದಿಲ್ಲ. ನೆಲವೇ ಇಳಿಜಾರಾಗಿದ್ದರೆ ಮಾತ್ರ ಸೆಳೆತ. ನೀರು ಹರಿದುಹೋಗಲೆಂದು ಪಾರ್ಕಿಂಗಿನಲ್ಲಿ 50ಕ್ಕೆ 1ರಷ್ಟು ಇಳಿಜಾರು ಕೊಟ್ಟಿದ್ದರೆ 3,600 ಕೆ.ಜಿ. ಗಾಡಿಯನ್ನು 72 ಕೆ.ಜಿ. ಬಲ ಸದಾ ಎಳೆಯುತ್ತಿರುತ್ತದೆ. ಕಣ್ಣಳತೆಗೆ ಅದು ಗೊತ್ತಾಗುವುದಿಲ್ಲ. ರಸಮಟ್ಟ ಇಟ್ಟು ನೋಡಿ.

ನೆಲದ ಆಯ್ಕೆಯೂ ಅಷ್ಟೇ ಮುಖ್ಯ. ವಸತಿ ಸೊಸೈಟಿಯ ಅಂಗಳದ ಪೇವರ್ ಬ್ಲಾಕುಗಳು ಅಂಚಿನಲ್ಲಿ ಕುಸಿಯುತ್ತವೆ. ನುಣುಪು ಟೈಲ್ಸ್ ಮೇಲೆ ದೂಳಿದ್ದರೆ ರಬ್ಬರೂ ಹಿಡಿಯುವುದಿಲ್ಲ, ಗುಡಿಸಿ ಒರೆಸಬೇಕು. ಪೋಡಿಯಂ ಚಪ್ಪಡಿ (ಕೆಳಗಿನ ಪಾರ್ಕಿಂಗಿಗೆ ಚಾವಣಿಯಾಗಿರುವ ಅಂಗಳ) ಕಾರುಗಳ ಭಾರಕ್ಕೆ ಎಣಿಸಿ ಕಟ್ಟಿದ್ದು, ಕ್ಯಾಂಪರನ್ನು ಅಲ್ಲಿ ಎತ್ತಬೇಡಿ. ಮಳೆಗಾಲದ ಎರೆಮಣ್ಣು, ಗೋವಾದ ಒದ್ದೆ ಕೆಂಪು ಮಣ್ಣು ಒಂದು ರಾತ್ರಿಯಲ್ಲಿ ಒಂದು ಬದಿಗೆ ಇಳಿದುಬಿಡುತ್ತದೆ. ಗಟ್ಟಿ ಕಾಂಕ್ರೀಟ್ ನೆಲ ಸಿಗುವವರೆಗೆ ಕಾಯುವುದೇ ಮೇಲು.

ಹತ್ತಿಸುವಾಗ ಸ್ಟೀರಿಂಗ್ ನೇರ. ಚಕ್ರದ ನಡುವಿನಿಂದ ಮುಂದಕ್ಕೆ ಸೀಮೆಸುಣ್ಣದ ಗೆರೆ ಎಳೆದು, ಅದಕ್ಕೆ ರ‍್ಯಾಂಪಿನ ನಡುಗೆರೆ ಹೊಂದಿಸಿ. ಎರಡೂ ನಾಲಿಗೆಗಳು ಒಂದೇ ಹೊತ್ತಿಗೆ ಟೈರಿಗೆ ತಾಗುವಂತಿರಬೇಕು. ಒಂದು ಮುಂದೆ, ಒಂದು ಹಿಂದೆ ಆದರೆ ಗಾಡಿ ಓರೆಯಾಗಿ ಏರುತ್ತದೆ. ಮೊದಲ ಗೇರ್, ನಿಧಾನ, ನಡುವೆ ನಿಲ್ಲಿಸದೆ. ಹೊರಗೆ ನಿಂತು ಹೇಳುವವರು ಚಾಲಕನ ಕಿಟಕಿಯ ಪಕ್ಕದಲ್ಲಿ, ನಾಲ್ಕು ಹೆಜ್ಜೆ ದೂರದಲ್ಲಿರಬೇಕು. ಗಾಡಿಯ ಮುಂದೆ ಎಂದಿಗೂ ಅಲ್ಲ. ಇಲ್ಲಿ ವಾಚ್‌ಮನ್ ‘ಯೇಊ ದ್ಯಾ’ ಅನ್ನುತ್ತಾರೆ, ನಮ್ಮವರು ‘ಬರ್ಲಿ ಬರ್ಲಿ’ ಅನ್ನುತ್ತಾರೆ, ಹೇಳುವವರು ಇಬ್ಬರಾದರೆ ಚಾಲಕ ತಬ್ಬಿಬ್ಬು. ಹೇಳುವುದು ಒಬ್ಬರೇ, ನಿಲ್ಲಿಸುವ ಪದವೂ ಒಂದೇ ಎಂದು ಮೊದಲೇ ಗೊತ್ತುಮಾಡಿಕೊಳ್ಳಿ.

ಮೇಲೆ ಕೂತ ಮೇಲೆ ಎಂಜಿನ್ ಬಂದ್, ಗೇರಿನಲ್ಲಿ ಇರಲಿ, ಹ್ಯಾಂಡ್‌ಬ್ರೇಕ್ ಎಳೆಯಿರಿ. ನೆಲದ ಮೇಲಿರುವ ಎರಡೂ ಚಕ್ರಗಳಿಗೆ ಹಿಂದೆ ಮುಂದೆ ಬೆಣೆ. ಹ್ಯಾಂಡ್‌ಬ್ರೇಕ್ ಹಿಡಿಯುವುದು ಸಾಮಾನ್ಯವಾಗಿ ಹಿಂದಿನ ಚಕ್ರಗಳನ್ನು ಮಾತ್ರ. ಹಾಗಾಗಿ ಹಿಂದಿನ ಚಕ್ರ ಎಳೆಯುವ ಗಾಡಿಯ ಹಿಂಭಾಗವನ್ನು ರ‍್ಯಾಂಪಿಗೆ ಹತ್ತಿಸಿದಾಗ ನೆಲದಲ್ಲಿರುವ ಮುಂದಿನ ಚಕ್ರಗಳನ್ನು ಬೆಣೆ ಬಿಟ್ಟರೆ ಬೇರೇನೂ ಹಿಡಿದಿರುವುದಿಲ್ಲ. ಟ್ರಾವೆಲರಿನಂಥ ಗಾಡಿಯಲ್ಲಿ ಪ್ರೊಪೆಲ್ಲರ್ ಶಾಫ್ಟ್ (ಗೇರ್‌ಬಾಕ್ಸಿನಿಂದ ಹಿಂದಿನ ಚಕ್ರಗಳಿಗೆ ಶಕ್ತಿ ಒಯ್ಯುವ ದಂಡ) ಬಿಚ್ಚಿದ ಕೂಡಲೇ ಗೇರಿನ ಹಿಡಿತವೂ ಹೋಯಿತು ಎಂದು ತಿಳಿಯಿರಿ. ಕೊನೆಯ ಬೋಲ್ಟ್ ತೆಗೆಯುವ ಮೊದಲು ಬೆಣೆಗಳನ್ನು ಇನ್ನೊಮ್ಮೆ ಸುತ್ತಿಗೆಯಿಂದ ಬಿಗಿಮಾಡಬೇಕು. ಇದಲ್ಲದೆ ಆಕ್ಸಲ್ ಅಥವಾ ಚಾಸಿಸ್ ಪಟ್ಟಿಯ ಕೆಳಗೆ 3 ಟನ್ನಿನ ಎರಡು ಜಾಕ್ ಸ್ಟ್ಯಾಂಡ್ (ಭಾರ ಹೊರುವ ಕಬ್ಬಿಣದ ಕಾಲು) ತಾಗಿಸಿ ಇಡಿ. ಏರ್ ಸಸ್ಪೆನ್ಷನ್ ಕೂರಿಸಿದ ಗಾಡಿಯಲ್ಲಿ ಚಕ್ರ ರ‍್ಯಾಂಪಿನ ಮೇಲೆ ಭದ್ರವಾಗಿದ್ದರೂ ಗಾಳಿಚೀಲ ಸೋರಿದರೆ ಬಾಡಿ ಕೆಳಗಿಳಿಯುತ್ತದೆ, ಅಲ್ಲಿ ಚಾಸಿಸ್ ಕೆಳಗೇ ಸ್ಟ್ಯಾಂಡ್ ಬೇಕು. ಗ್ಯಾಸ್ ಸಿಲಿಂಡರ್ ಬಂದ್, ಒಳಗೆ ಯಾರೂ ಇರಬಾರದು.

ಜಾಕಿಗಿಂತ ರ‍್ಯಾಂಪಿನ ಒಂದು ದೊಡ್ಡ ಲಾಭವೆಂದರೆ ಚಕ್ರ ಭಾರ ಹೊತ್ತೇ ಇರುತ್ತದೆ. ಪಾಟಾ ಸ್ಪ್ರಿಂಗ್ ತನ್ನ ಸಹಜ ಬಾಗಿನಲ್ಲಿರುವಾಗಲೇ ರಬ್ಬರ್ ಬುಷ್ಷಿನ ಬೋಲ್ಟ್ ಬಿಗಿಯಬಹುದು. ಆಕ್ಸಲ್ ಜೋತಾಡುವಾಗ ಬಿಗಿದರೆ ಗಾಡಿ ಇಳಿಸಿದ ಮೇಲೆ ಬುಷ್ಷು ತಿರುಚಿಕೊಂಡು ಬೇಗ ಹರಿಯುತ್ತದೆ. ಆದರೆ ಗೇರ್‌ಬಾಕ್ಸ್, ಹಿಂದಿನ ಆಕ್ಸಲ್ ಹೌಸಿಂಗಿನ ಆಯಿಲ್ ಮಟ್ಟವನ್ನು ಮೂತಿ ಎತ್ತಿದ ಗಾಡಿಯಲ್ಲಿ ನೋಡಿದರೆ ತಪ್ಪು ಲೆಕ್ಕ ಬರುತ್ತದೆ. ಅದಕ್ಕೆ ನಾಲ್ಕು ರ‍್ಯಾಂಪು ಬೇಕು, ಇಲ್ಲವೇ ಸಮ ನೆಲದಲ್ಲಿ ನೋಡಬೇಕು.

ಹೊಸ ರ‍್ಯಾಂಪಿನ ಮೇಲೆ ಮೊದಲ ಸಲ ಗಾಡಿ ಹತ್ತಿಸಿದಾಗ ಯಾರೂ ಕೆಳಗೆ ಹೋಗಬಾರದು. ಬದಿಯಿಂದ ಬಾಡಿಯನ್ನು ಜೋರಾಗಿ ಅಲುಗಿಸಿ, ಅರ್ಧ ಗಂಟೆ ಬಿಟ್ಟು, ಇಳಿಸಿ, ಪ್ರತಿ ಪದರದ ಅಂಚನ್ನು ನೋಡಿ. ಥ್ರೆಡ್ ರಾಡಿನ ನಟ್ಟುಗಳು ಆಗ ಅರ್ಧ ಸುತ್ತು ಸಡಿಲಾಗಿರುತ್ತವೆ, ಮರ ಕೂತುಕೊಂಡಿರುವುದರಿಂದ. ಬಿಗಿಮಾಡಿ.

ಬಣ್ಣ ಬಳಿಯಬೇಡಿ. ಬಣ್ಣ ಒದ್ದೆಯಾದರೆ ಜಾರುತ್ತದೆ, ಸೀಳನ್ನೂ ಮುಚ್ಚುತ್ತದೆ. ಹಲಗೆಯ ಕೊಯ್ದ ತುದಿಗಳಿಗೆ ಮಾತ್ರ ಎರಡು ಕೈ ಪೇಂಟ್, ನೀರು ಹೀರುವುದು ಅಲ್ಲಿಂದಲೇ. ಉಳಿದ ಮೈಗೆ ಮಳೆಗಾಲಕ್ಕೆ ಮೊದಲು ಅಗಸೆ ಎಣ್ಣೆ ಒರೆಸಿ ಚೆನ್ನಾಗಿ ಆರಲು ಬಿಡಿ. ಗೆದ್ದಲು ಹತ್ತದಂತೆ ನೆಲದಿಂದ ಎತ್ತಿ, ಗೋಡೆಗೆ ಆನಿಸಿ ನಿಲ್ಲಿಸಿಡಿ. ತಡೆಗಟ್ಟೆಯ ಬುಡದಲ್ಲೋ ರಾಡಿನ ತೂತಿನ ಸುತ್ತಲೋ ಆಚೆಯಿಂದ ಈಚೆಗೆ ಸಾಗಿದ ಸೀಳು ಕಂಡರೆ ಅಂಟು ಹಾಕಿ ರಿಪೇರಿ ಮಾಡುವ ಯೋಚನೆ ಬೇಡ. ಅದೇ ದಿನ ಗರಗಸ ಹಿಡಿದು ಎರಡು ತುಂಡು ಮಾಡಿ. ಪಾರ್ಕಿಂಗಿನ ಮೂಲೆಯಲ್ಲಿ ಹಾಗೇ ಬಿಟ್ಟರೆ, ಸೀಳು ಇರುವುದು ಗೊತ್ತಿಲ್ಲದ ಇನ್ಯಾರೋ ಅದರ ಮೇಲೆ ತಮ್ಮ ಗಾಡಿ ಹತ್ತಿಸಿ ಕೆಳಗೆ ಮಲಗಬಹುದು.